ಯಾರು ಯಾರನ್ನು ಕೇಳುತ್ತಾರೆ: ಒಂದು ಕಾರ್ಖಾನೆಯಲ್ಲಿ ನನ್ನ ಅನುಭವ

ಪೀಣ್ಯದ ಒಂದು ಯಂತ್ರಭಾಗಗಳ ಕಾರ್ಖಾನೆಯಲ್ಲಿ ಮೊದಲ ಪಾಳಿಯವರು ಸರಿಪಡಿಸಿದ ದೋಷವೇ ಎರಡನೆಯ ಪಾಳಿಯಲ್ಲಿ ಮತ್ತೆ ತಲೆಯೆತ್ತುತ್ತಿತ್ತು. ಇಬ್ಬರಿಗೂ ಹೊಂದಾಣಿಕೆಯಿಲ್ಲ, ತರಬೇತಿ ಕೊಡಿ ಎಂದು ಆಡಳಿತದವರು ನನ್ನನ್ನು ಕರೆಸಿದರು. ತರಬೇತಿಯ ಮಾತು ಆಮೇಲೆ, ಮೊದಲು ಇಲ್ಲಿ ಯಾರು ಯಾರನ್ನು ಕೇಳಿ ಕೆಲಸ ಮಾಡುತ್ತಾರೆ ನೋಡೋಣ ಎಂದೆ.

ಜನರ ನಡುವಿನ ನಂಟುಗಳನ್ನು ನಕ್ಷೆಯಾಗಿ ಬಿಡಿಸುವ ಈ ವಿದ್ಯೆಗೆ, ಅಂದರೆ ಸಾಮಾಜಿಕ ಜಾಲ ವಿಶ್ಲೇಷಣೆಗೆ, ವಯಸ್ಸಾಗಿದೆ. ಮನೋವೈದ್ಯ ಜೇಕಬ್ ಮೊರೆನೊ 1930ರ ದಶಕದಲ್ಲೇ ನ್ಯೂಯಾರ್ಕ್ ರಾಜ್ಯದ ಹಡ್ಸನ್‌ನ ಬಾಲಕಿಯರ ಶಾಲೆಯಲ್ಲಿ ಯಾರಿಗೆ ಯಾರ ಜೊತೆ ಇರಲು ಇಷ್ಟ ಎಂದು ಕೇಳಿ, ಉತ್ತರಗಳನ್ನು ಚುಕ್ಕಿ-ಗೆರೆಗಳಲ್ಲಿ ಬಿಡಿಸಿದ್ದರು: ಚುಕ್ಕಿಯೆಂದರೆ ವ್ಯಕ್ತಿ, ಗೆರೆಯೆಂದರೆ ನಂಟು. ನನಗೆ ಹೆಚ್ಚು ಕೆಲಸಕ್ಕೆ ಬಂದದ್ದು ನಮ್ಮದೇ ನೆಲದ ಅಧ್ಯಯನ. ಕರ್ನಾಟಕದ ಹಳ್ಳಿಗಳಲ್ಲಿ ಕಿರುಸಾಲದ ಸುದ್ದಿ ಹೇಗೆ ಹಬ್ಬಿತು ಎಂಬುದರ ಬಗ್ಗೆ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಕೆಲಸವದು. ಸೀಮೆಎಣ್ಣೆ, ಅಕ್ಕಿಯನ್ನು ಯಾರ ಮನೆಯಿಂದ ಕಡ ತರುತ್ತೀರಿ ಎಂಬಂಥ ಪ್ರಶ್ನೆಗಳು ಅದರಲ್ಲಿದ್ದವು. ಕೈಗೆ ಸಿಗುವಂಥ ಪ್ರಶ್ನೆ ಕೇಳಿದರೆ ಕೈಗೆ ಸಿಗುವಂಥ ಉತ್ತರವೇ ಬರುತ್ತದೆ. ಹಾಗಾಗಿ ‘ನಿಮಗೆ ಆಪ್ತರು ಯಾರು’ ಎಂದು ನಾನು ಕೇಳಲಿಲ್ಲ. ‘ಕಳೆದ ತಿಂಗಳು ಅಳತೆ ಕೂಡದಿದ್ದಾಗ ಯಾರನ್ನು ವಿಚಾರಿಸಿದಿರಿ?’ ಎಂದು ಕೇಳಿದೆ.

ನೆನಪಿನಿಂದ ಹೇಳಿ ಎಂದರೆ ಜನ ಹತ್ತಿರದವರನ್ನಷ್ಟೇ ಹೇಳುತ್ತಾರೆ. ಅದಕ್ಕಾಗಿ ಎಲ್ಲರ ಹೆಸರಿನ ಪಟ್ಟಿ ಕೊಟ್ಟು ಗುರುತು ಹಾಕಿಸಿದೆ, ಕೊನೆಯಲ್ಲಿ ‘ಇತರರು’ ಎಂಬ ಖಾಲಿ ಜಾಗ ಬಿಟ್ಟೆ. ಸಾಮಾನ್ಯ ಸಮೀಕ್ಷೆಯಲ್ಲಿ ಕೆಲವರು ತಪ್ಪಿಸಿಕೊಂಡರೆ ನಡೆಯುತ್ತದೆ. ಇಲ್ಲಿ ನಡೆಯದು, ಒಬ್ಬರು ಬಿಟ್ಟುಹೋದರೆ ಅವರಿಂದ ಹೊರಡುವ ಗೆರೆಗಳೆಲ್ಲ ಅಳಿಯುತ್ತವೆ. ಎರಡನೆಯ ಪಾಳಿಯವರನ್ನೂ ಕಾದು ಕುಳಿತು ಕೇಳಿದ್ದು ಇದೇ ಕಾರಣಕ್ಕೆ.

ಉತ್ತರಗಳನ್ನು ಕೋಷ್ಟಕಕ್ಕೆ ಇಳಿಸಿದೆ: ಅಡ್ಡಸಾಲಿನಲ್ಲಿ ಕೇಳುವವರು, ಕಂಬಸಾಲಿನಲ್ಲಿ ಕೇಳಿಸಿಕೊಳ್ಳುವವರು. ಕೇಳುವವರಿಂದ ಕೇಳಿಸಿಕೊಳ್ಳುವವರತ್ತ ಬಾಣದ ಗೆರೆ ಎಳೆದು ನಕ್ಷೆ ಬಿಡಿಸಿದಾಗ ಎರಡು ಪಾಳಿಗಳು ಎರಡು ಗೊಂಚಲಾಗಿ ನಿಂತವು. ಅವುಗಳ ನಡುವಿನ ಗೆರೆಗಳಲ್ಲಿ ಬಹುಪಾಲು ಒಬ್ಬನೇ ವ್ಯಕ್ತಿಯ ಮೂಲಕ ಹಾದುಹೋಗುತ್ತಿದ್ದವು. ಆತ ಮೇಲ್ವಿಚಾರಕನಲ್ಲ, ಉಪಕರಣಗಳ ಉಗ್ರಾಣ ನೋಡಿಕೊಳ್ಳುವಾತ. ಹೋಗಿ ಅವನ ಕಿಟಕಿಯ ಪಕ್ಕ ನಿಂತೆ. ಅಳತೆಯ ಉಪಕರಣವಾದ ಗೇಜು ಹಿಂದಿರುಗಿಸಲು ಬಂದವರೊಬ್ಬರು ‘ಮೂರನೆಯ ಲೇತ್ ಬಿಸಿಯಾದ ಮೇಲೆ ಅಳತೆ ಜಾರುತ್ತದೆ’ ಎಂದರು. ಆತ ವಿತರಣಾ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಅದನ್ನು ಬರೆದುಕೊಂಡ. ಮುಂದಿನ ಪಾಳಿಯವನು ಅದೇ ಗೇಜು ಪಡೆಯಲು ಬಂದಾಗ ಓದಿ ಹೇಳಿದ. ಇದು ಅವನ ಕರ್ತವ್ಯಗಳ ಪಟ್ಟಿಯಲ್ಲಿ ಎಲ್ಲಿಯೂ ಇರಲಿಲ್ಲ. ಅವನ ವಾರದ ರಜೆಯ ದಿನ ಮಾತು ಅಲ್ಲಿಯೇ ಕಡಿದುಹೋಗುತ್ತಿತ್ತು. ಆ ಕಿಟಕಿಯನ್ನೇ ಮುಚ್ಚಿ ಉಪಕರಣಗಳನ್ನು ಯಂತ್ರದ ಮೂಲಕ ವಿತರಿಸುವ ಯೋಜನೆ ಆಗಲೇ ಸಿದ್ಧವಾಗಿತ್ತು!

ಈ ಬಗೆಯ ಅಧ್ಯಯನದಲ್ಲಿ ಹೆಸರು ಮರೆಮಾಚಿ ಉತ್ತರ ಪಡೆಯಲಾಗದು, ಹೆಸರಿಲ್ಲದೆ ಗೆರೆಯೇ ಇಲ್ಲ. ಹಾಗಾಗಿ ಹೆಸರುಗಳು ನನ್ನ ಬಳಿಯೇ ಉಳಿಯುತ್ತವೆ ಎಂದು ಆರಂಭದಲ್ಲೇ ಬರೆಸಿಕೊಂಡಿದ್ದೆ. ಯಾರೂ ಸಲಹೆ ಕೇಳದವರ ಪಟ್ಟಿ ಬೇಕೆಂದು ಒಬ್ಬ ಅಧಿಕಾರಿ ಪಟ್ಟುಹಿಡಿದರು. ಕೊಡಲಿಲ್ಲ. ಅಂಥವರು ಹೊಸಬರಿರಬಹುದು, ಅವರ ಯಂತ್ರ ಮೂಲೆಯಲ್ಲಿರಬಹುದು. ಬಾಣ ಬಾರದ ಚುಕ್ಕಿಯನ್ನು ಕೆಲಸಕ್ಕೆ ಬಾರದವನೆಂದು ಓದುವುದು ಅನ್ಯಾಯ. ಉಗ್ರಾಣದವನ ವಿಷಯವನ್ನೂ ಅವನ ಒಪ್ಪಿಗೆ ಪಡೆದೇ ಸಭೆಯಲ್ಲಿ ಇಟ್ಟೆ.

ಅವನಿಗೆ ಬಡ್ತಿ ಕೊಟ್ಟು ಮೇಲಿನ ಕಚೇರಿಗೆ ಕಳುಹಿಸೋಣ ಎಂದರು. ಬಡ್ತಿ ಕೊಡಿ, ಆದರೆ ಕಿಟಕಿಯ ಬಳಿಯೇ ಇರಲಿ, ಜೊತೆಗೆ ಎರಡೂ ಪಾಳಿಗಳು ಯಂತ್ರದ ಬಳಿ ಕಾಲು ಗಂಟೆ ಒಟ್ಟಿಗಿರಲಿ ಎಂದೆ. ವಾದವಾದ ಮೇಲೆ ಒಪ್ಪಿದರು. ಕೆಲವು ತಿಂಗಳ ನಂತರ ಅದೇ ಪ್ರಶ್ನೆ ಕೇಳಿದಾಗ ಪಾಳಿಯಿಂದ ಪಾಳಿಗೆ ನೇರ ಬಾಣಗಳು ಮೂಡಿದ್ದವು, ಅವನ ಮೇಲಿನ ಹೊರೆಯೂ ಇಳಿದಿತ್ತು. ‘ಇತರರು’ ಎಂಬ ಜಾಗದಲ್ಲಿ ಮಾತ್ರ ಗುತ್ತಿಗೆ ಕಾರ್ಮಿಕರ ಹೆಸರುಗಳು ಮತ್ತೆ ಮತ್ತೆ ಬಂದಿದ್ದವು. ಸಂಸ್ಥೆಯ ಪಟ್ಟಿಯಲ್ಲಿ ಅವರು ಇರಲೇ ಇಲ್ಲ. ಈಗ ಎಲ್ಲಿಯೇ ಹೋದರೂ ಅವರ ಹೆಸರನ್ನೂ ಸೇರಿಸಿದ ಪಟ್ಟಿ ಕೈಗೆ ಬರುವವರೆಗೆ ನಾನು ಕೆಲಸ ಶುರುಮಾಡುವುದಿಲ್ಲ.