ನಿಂತಲ್ಲೇ ಸುರಿಯುವ ಗುಡುಗುಮಳೆ: ಮರುಭೂಮಿಯ ಊರಿನವರು ಹಠಾತ್ ಪ್ರವಾಹವನ್ನು ಎದುರಿಸುವ ಬಗೆ

ಮರುಭೂಮಿಯಲ್ಲಿ ಗುಡುಗುಮಳೆಯ ಅಪಾಯವನ್ನು ಅಳೆಯಲು ಮೋಡದ ಕಪ್ಪಿಗಿಂತ ಅದರ ನಡಿಗೆಯನ್ನು ನೋಡಬೇಕು. ಮೇಲ್ಮಟ್ಟದ ಗಾಳಿ ದುರ್ಬಲವಾಗಿದ್ದಾಗ ಮೋಡ ಮುಂದೆ ಸಾಗದೆ ಒಂದೇ ಗುಡ್ಡಸಾಲಿನ ಮೇಲೆ ಸುರಿಯುತ್ತದೆ. ಒಂದು ಮೋಡ ಬರಿದಾಗುವಷ್ಟರಲ್ಲಿ ಅದೇ ಜಾಗದಲ್ಲಿ ಇನ್ನೊಂದು ಹುಟ್ಟುವುದೂ ಉಂಟು. 10 ಚದರ ಕಿಲೋಮೀಟರ್ ನೆಲದ ಮೇಲೆ 25 ಮಿಲಿಮೀಟರ್ ಮಳೆಯಾದರೆ ಬಿದ್ದ ನೀರು 25 ಕೋಟಿ ಲೀಟರ್. ಬರಿಬಂಡೆ, ಬಿಸಿಲಿಗೆ ಹೆಪ್ಪುಗಟ್ಟಿದ ಮೇಲ್ಮಣ್ಣು ಹಾಗೂ ವಿರಳವಾದ ಗಿಡಗಂಟಿಗಳಿರುವ ಕಡೆ ಅದರಲ್ಲಿ ಇಂಗುವುದು ಕಡಿಮೆ, ಉಳಿದದ್ದೆಲ್ಲ ಒಣಹಳ್ಳಕ್ಕೆ ಇಳಿಯುತ್ತದೆ.

ಮೋಡದ ನಡಿಗೆಯನ್ನು ತಿಳಿಯಲು ದೂರದ ಗುಡ್ಡದ ತುದಿಯೊಂದನ್ನು ಗುರುತಾಗಿಟ್ಟುಕೊಂಡು, ಮಳೆಯ ಪರದೆಯ ಅಂಚು ಅರ್ಧ ಗಂಟೆಯಲ್ಲಿ ಎಷ್ಟು ಸರಿಯಿತೆಂದು ನೋಡಿರಿ. ನೇರವಾಗಿ ನಿಮ್ಮತ್ತಲೇ ಬರುವ ಮೋಡವೂ ನಿಂತಂತೆಯೇ ಕಾಣುವುದರಿಂದ, ಹವಾಮಾನ ಇಲಾಖೆಯ ರೇಡಾರ್ ಚಿತ್ರಗಳನ್ನು ಒಂದಾದ ಮೇಲೊಂದರಂತೆ ನೋಡುವುದು ಹೆಚ್ಚು ನಂಬಿಕೆಯ ದಾರಿ. ನಿಮ್ಮ ಊರಿನ ಹಳ್ಳ ಯಾವ ಗುಡ್ಡಗಳಿಂದ ಇಳಿದು ಬರುತ್ತದೆಂಬುದನ್ನು ನಕ್ಷೆಯಲ್ಲಿ ಮೊದಲೇ ಗುರುತಿಸಿಕೊಂಡಿರದಿದ್ದರೆ ಆ ಚಿತ್ರಗಳಿಂದಲೂ ಪ್ರಯೋಜನವಿಲ್ಲ. 1997ರ ಆಗಸ್ಟ್ 12ರಂದು ಅಮೆರಿಕದ ಅರಿಜೋನಾ ರಾಜ್ಯದ ಆಂಟೆಲೋಪ್ ಕಣಿವೆಯಲ್ಲಿ 11 ಪ್ರವಾಸಿಗಳು ಕೊಚ್ಚಿಹೋಗಿ ಸತ್ತರು. ಅವರನ್ನು ಕೊಂದ ಮಳೆ ಬಿದ್ದದ್ದು ಎಷ್ಟೋ ಕಿಲೋಮೀಟರ್ ಮೇಲಕ್ಕೆ.

ಮೇಲ್ಭಾಗದಲ್ಲಿ ಮೋಡ ನಿಂತಿದೆಯೆಂದು ಖಚಿತವಾದೊಡನೆ ಹಳ್ಳದ ಪಾತ್ರದಲ್ಲಿರುವ ವಾಹನ, ಜಾನುವಾರು, ಡೇರೆಗಳನ್ನು ಎತ್ತರಕ್ಕೆ ಸಾಗಿಸಿರಿ. ನೀರಿನ ಮೊರೆತ ಕೇಳಿಸಿದರೆ ಅಥವಾ ಹರಿವು ಇದ್ದಕ್ಕಿದ್ದಂತೆ ಕೆಸರುಗಟ್ಟಿ ಕಸಕಡ್ಡಿ ತೇಲಿಬಂದರೆ, ಸಾಮಾನನ್ನು ಬಿಟ್ಟು ಪಕ್ಕದ ದಿಬ್ಬಕ್ಕೆ ಹತ್ತಬೇಕು. ಹಳ್ಳದ ಜಾಡಿನಲ್ಲಿಯೇ ಕೆಳಗೆ ಓಡಿದರೆ ನೀರು ನಿಮ್ಮನ್ನು ಹಿಂದಿಕ್ಕುತ್ತದೆ. ಮನೆಗೆ ನೀರು ಬರುವ ಸೂಚನೆ ಕಂಡರೆ, ನಿಂತ ಜಾಗ ಒಣಗಿರುವಾಗಲೇ ವಿದ್ಯುತ್ತಿನ ಮೇನ್ ಸ್ವಿಚ್ ಆರಿಸಿರಿ.

ಹೆಚ್ಚು ಜೀವಹಾನಿಯಾಗುವುದು ಹಳ್ಳ ದಾಟುವ ರಸ್ತೆಯಲ್ಲಿ. ರಭಸದಿಂದ ಹರಿಯುವ 15 ಸೆಂಟಿಮೀಟರ್ ನೀರು ನಡೆಯುವವರನ್ನು ಕೆಡವಬಲ್ಲದು, 30 ಸೆಂಟಿಮೀಟರ್ ನೀರು ಸಣ್ಣ ಕಾರನ್ನು ಸರಿಸಬಲ್ಲದು, 60 ಸೆಂಟಿಮೀಟರ್ ನೀರು ಬಹುತೇಕ ವಾಹನಗಳನ್ನು ಎಳೆದೊಯ್ಯಬಲ್ಲದು. ಕೆಂಪು ಕೆಸರಿನ ಕೆಳಗೆ ಡಾಂಬರು ಉಳಿದಿದೆಯೇ ಎಂಬುದು ಮೇಲಿನಿಂದ ತಿಳಿಯುವುದಿಲ್ಲ. ಮುಂದಿನ ಲಾರಿ ದಾಟಿದ್ದು ನಿಮ್ಮ ಕಾರಿಗೆ ಪ್ರಮಾಣವಲ್ಲ. ಹಿಂದಕ್ಕೆ ತಿರುಗಿ, ಎತ್ತರದಲ್ಲಿ ಕಾಯಿರಿ. ಈಗಾಗಲೇ ಸಿಕ್ಕಿಕೊಂಡು ಕಾರಿನೊಳಗೆ ನೀರು ಏರುತ್ತಿದ್ದರೆ ಕಿಟಕಿಯ ಮೂಲಕ ಚಾವಣಿಗೆ ಹತ್ತಿರಿ.

ಮಳೆ ನಿಂತಿತೆಂದು ಕೂಡಲೇ ಕೆಳಗಿಳಿಯಬಾರದು, ಏಕೆಂದರೆ ದೂರದ ಕವಲುಗಳ ನೀರು ತಡವಾಗಿ ಬಂದು ಎರಡನೆಯ ಅಲೆಯಾಗಿ ನುಗ್ಗಬಹುದು. 2022ರ ಆಗಸ್ಟ್ 5ರಂದು ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿಯಲ್ಲಿ ಸುಮಾರು 37 ಮಿಲಿಮೀಟರ್ ಮಳೆ ಸುರಿದು ರಸ್ತೆಗಳು ಮುಚ್ಚಿದಾಗ ಸಾವಿರದಷ್ಟು ಜನ ಇದ್ದಲ್ಲೇ ಸಿಕ್ಕಿಬಿದ್ದರು. ಆದ್ದರಿಂದ ಒಂದೆರಡು ದಿನಕ್ಕೆ ಸಾಕಾಗುವ ಕುಡಿಯುವ ನೀರು, ಔಷಧಿ ಮತ್ತು ಟಾರ್ಚನ್ನು ಮನೆಯಲ್ಲಷ್ಟೇ ಅಲ್ಲದೆ ವಾಹನದಲ್ಲಿಯೂ ಇಟ್ಟಿರಬೇಕು.