ಮಳೆಗಾಲಕ್ಕೂ ಬಗ್ಗದ ಪ್ಲೀಟ್: ಬಕ್ರಂ ಬದಲಿಸಿದ ನನ್ನ ಅನುಭವ

ಕರ್ಟನ್ನಿನ ತಲೆ ನೆಟ್ಟಗೆ ನಿಲ್ಲಲು ಒಳಗಿಡುವ ಗಟ್ಟಿ ಪಟ್ಟಿಯೇ ಬಕ್ರಂ. ಅದು ಪಾಲಿಯೆಸ್ಟರಿನದಾದರೆ ಮೂರು ಬೆರಳಿನ ಪ್ಲೀಟ್ (ಒಟ್ಟಿಗೆ ಹಿಡಿದ ಮೂರು ಮಡಿಕೆ) ನಿಲ್ಲುವುದಿಲ್ಲ, ಬಿಚ್ಚಿಕೊಳ್ಳುತ್ತದೆ ಎಂದು ಕಾರವಾರದ ನಮ್ಮ ಟೈಲರ್ ಬಳಗವೆಲ್ಲ ಹೇಳುತ್ತಿತ್ತು. ಈಗ ಅವರೇ ಫೋನ್ ಮಾಡಿ ಯಾವ ರೋಲ್ ತರಿಸುತ್ತೀಯಾ ಎಂದು ಕೇಳುತ್ತಿದ್ದಾರೆ. ಕೋಡಿಬಾಗದ ಒಂದು ಮನೆಗೆ ಹೊಲಿದ ಕರ್ಟನ್ ಎರಡು ಮಳೆಗಾಲ ಕಂಡಿದೆ. ಎಷ್ಟೋ ಸಲ ವಾಷಿಂಗ್ ಮಷಿನ್ ಒಳಗೆ ಹೋಗಿ ಬಂದಿದೆ. ಪ್ಲೀಟ್ ಮಾತ್ರ ಹೊಲಿದ ದಿನ ಹೇಗಿತ್ತೋ ಹಾಗೇ ಇದೆ.

ಗಂಜಿ ಹಾಕಿದ ಕಾಟನ್ ಬಕ್ರಂ ಎಲ್ಲರಿಗೂ ಗೊತ್ತು. ಅಂಗಡಿಯಲ್ಲಿ ಮುಟ್ಟಿದರೆ ಹಪ್ಪಳದ ಹಾಗೆ ಗರಿಗರಿ. ಜೂನ್ ಬಂತೆಂದರೆ ಗಾಳಿಯ ತೇವ ಹೀರಿ ಮೆತ್ತಗಾಗುತ್ತದೆ, ಒಮ್ಮೆ ತೊಳೆದರೆ ಗಂಜಿಯೇ ಹೋಗಿ ಬರೀ ಬಟ್ಟೆ ಉಳಿಯುತ್ತದೆ. ಸಿಲ್ವರ್‌ಫಿಶ್ ಹುಳಕ್ಕೆ ಗಂಜಿ ಅಂದ್ರೆ ಹಬ್ಬ. ಒಣ ಹವೆಯ ಹುಬ್ಬಳ್ಳಿಯಲ್ಲಿ ಇದೇ ಬಕ್ರಂ ಚೆನ್ನಾಗಿ ಬಾಳುತ್ತದೆ, ಅಲ್ಲಿನವರ ಮಾತು ಕೇಳಿ ನಾವು ಇಲ್ಲಿ ಹಾಕುತ್ತೇವೆ, ಅಷ್ಟೇ ಸಮಸ್ಯೆ. ಮಾಜಾಳಿ ಕಡೆಯ ಒಂದು ಹೋಮ್‌ಸ್ಟೇ ಕೆಲಸದಲ್ಲಿ ಮಳೆಗಾಲ ಮುಗಿಯುವಷ್ಟರಲ್ಲಿ ಎಲ್ಲ ಕರ್ಟನ್ ತಲೆ ಬಾಗಿಸಿತು. ಪುಕ್ಕಟೆ ಮತ್ತೆ ಹೊಲಿದುಕೊಟ್ಟೆ. ಕೂಲಿ, ಸಾಮಾನು, ಓಡಾಟ ಸೇರಿ ಹದಿನೈದು ಸಾವಿರದ ಆಸುಪಾಸು ಕೈಯಿಂದ ಹೋಯಿತು.

ಆಮೇಲೆ ಫ್ಯೂಸಿಂಗ್. ಇಸ್ತ್ರಿ ಮಾಡಿ ಅಂಟಿಸುವುದು ಸುಲಭ, ಕೆಲಸ ಬೇಗ. ಆದರೆ ತೊಳೆದ ಮೇಲೆ ಗುಳ್ಳೆ ಏಳುತ್ತದೆ. ಸ್ಯಾಟಿನ್ ತರದ ಸಿಂಥೆಟಿಕ್ ಬಟ್ಟೆಗಂತೂ ಆಗುವುದೇ ಇಲ್ಲ, ಅಂಟು ಕರಗುವಷ್ಟು ಬಿಸಿ ಮಾಡಿದರೆ ಬಟ್ಟೆಯ ಹೊಳಪೇ ಹೋಗುತ್ತದೆ.

ನಡುವೆ ಸುಮ್ನೆ ಕೆಲವು ಪ್ರಯೋಗವೂ ಆದವು. ಚುನಾವಣೆ ಮುಗಿದ ಮೇಲೆ ಹಳೆಯ ಫ್ಲೆಕ್ಸ್ ಬ್ಯಾನರ್ ಬೇಕಷ್ಟು ಸಿಕ್ಕಿತು, ಪಟ್ಟಿ ಕತ್ತರಿಸಿ ಒಳಗಿಟ್ಟೆ. ಗಟ್ಟಿ ಏನೋ ಹೌದು, ಆದರೆ ಭಾರ ಜಾಸ್ತಿ, ಬಿಸಿಲು ಬೀಳುವ ಕಿಟಕಿಯಲ್ಲಿ ಸುರುಳಿ ಸುತ್ತಿತು, ಮೇಲಿಂದ ಆ ವಾಸನೆ. ಶಿರಸಿಯ ನೆಂಟರೊಬ್ಬರು ಅಡಿಕೆ ಹಾಳೆ ಹಾಕಿ ನೋಡು ಅಂದರು. ತಮಾಷೆಗೆ ಅಂದದ್ದು, ನಾನು ನಿಜಕ್ಕೂ ಹಾಕಿದೆ. ಒಣಗಿದ ಮೇಲೆ ಮಡಿಕೆಯಲ್ಲೇ ಸೀಳಿತು, ನೆನೆದ ಮೇಲೆ ಬೂಷ್ಟು ಬಂತು. ಶರ್ಟ್ ಕಾಲರ್ ಕ್ಯಾನ್ವಾಸ್ ಎರಡು ಪದರ ಇಟ್ಟದ್ದು ಪರವಾಗಿಲ್ಲ, ಆದರೆ ಪ್ಲೀಟಿನ ನಾಲ್ಕು ಇಂಚು ಎತ್ತರಕ್ಕೆ ಅದು ಸಾಲುವುದಿಲ್ಲ.

ಕೊನೆಗೆ ಹಿಡಿದದ್ದು ನೇಯ್ದ ಪಾಲಿಯೆಸ್ಟರ್ ಬಕ್ರಂ, ನಾಲ್ಕು ಇಂಚಿನದು. ನೇಯದೆ ಮಾಡಿದ ನಾನ್‌ವೋವನ್ ಬೇಡ, ಅದು ಮಡಿಕೆಯಲ್ಲಿ ಬೇಗ ಬಿಳುಚಿ ಸವೆಯುತ್ತದೆ. ಮೀಟರಿಗೆ ಗಂಜಿ ಬಕ್ರಂಗಿಂತ ಹತ್ತು ಹನ್ನೆರಡು ರೂಪಾಯಿ ಜಾಸ್ತಿ ಬೀಳುತ್ತದೆ. ಒಂದು ಪನ್ನಾಕ್ಕೆ, ಅಂದರೆ ಬಟ್ಟೆಯ ಒಂದು ಪೂರ್ತಿ ಅಗಲಕ್ಕೆ, ಬೇಕಾಗುವುದು ಒಂದು ಮೀಟರಿಗಿಂತ ಸ್ವಲ್ಪ ಮೇಲೆ. ಅದಕ್ಕೆ ಗಿರಾಕಿ ಓಡಿಹೋಗುವುದಿಲ್ಲ ಮಾರಾಯ್ರೆ.

ಬಿಚ್ಚಿಕೊಳ್ಳುತ್ತದೆ ಎಂಬ ದೂರು ಪೂರ್ತಿ ಸುಳ್ಳಲ್ಲ. ಪಾಲಿಯೆಸ್ಟರ್ ಬಕ್ರಂಗೆ ಸ್ಪ್ರಿಂಗ್ ಇದೆ, ಮಡಿಸಿದ್ದು ಮತ್ತೆ ಬಿಚ್ಚಲು ನೋಡುತ್ತದೆ. ಎಲ್ಲರೂ ಪ್ಲೀಟಿನ ಕೆಳಗೆ ಒಂದು ಟಾಕಾ (ಹಿಡಿಯುವ ಹೊಲಿಗೆ) ಹಾಕಿ ಬಿಡುತ್ತಾರೆ, ಆಮೇಲೆ ಬಕ್ರಂಗೆ ಬೈಯುತ್ತಾರೆ. ಹೊಲಿಗೆ ಮೇಲಿನಿಂದ ಬಕ್ರಂನ ಕೆಳ ಅಂಚಿನವರೆಗೂ ನೇರವಾಗಿ ಬರಬೇಕು, ಎರಡೂ ತುದಿಯಲ್ಲಿ ಹಿಂದೆ ಮುಂದೆ ಹೊಲಿದು ಗಟ್ಟಿ ಮಾಡಬೇಕು. ಮೂರು ಬೆರಳು ಹಿಡಿಯುವ ಟಾಕಾ ಬಕ್ರಂನ ಅಂಚಿನ ಒಳಗೇ ಬೀಳಬೇಕು, ಬರೀ ಬಟ್ಟೆಯ ಮೇಲೆ ಬಿದ್ದರೆ ಎಳೆದು ಹರಿಯುತ್ತದೆ. ಸೂಜಿ 16 ನಂಬರ್, ಹೊಲಿಗೆ ಉದ್ದ, ಮಷಿನ್ ಪಾದದ ಒತ್ತಡ (ಪ್ರೆಸರ್) ಸಡಿಲ, ಇಲ್ಲದಿದ್ದರೆ ಮೇಲಿನ ಬಟ್ಟೆ ಜಾರುತ್ತಾ ಹೋಗುತ್ತದೆ. ಹೊಲಿಯುವ ಮೊದಲು ಮಡಿಕೆ ಕೂರಿಸುವ ಒಂದು ಉಪಾಯ ಇದೆ. ಅದನ್ನು ಇಲ್ಲಿ ಹೇಳುವುದಿಲ್ಲ, ಅಂಗಡಿ ನಡೆಯಬೇಕಲ್ಲ.

ಲೆಕ್ಕ ನನ್ನದು ಹೀಗೆ. 48 ಇಂಚಿನ ಪನ್ನಾದಲ್ಲಿ ಎರಡೂ ಬದಿಯ ಮಡಿಕೆಗೆ ಮೂರು ಮೂರು ಇಂಚು ಹೋದರೆ 42 ಉಳಿಯುತ್ತದೆ. ಐದು ಪ್ಲೀಟಿಗೆ ಐದೈದು ಇಂಚಿನಂತೆ 25, ನಾಲ್ಕು ಗ್ಯಾಪಿಗೆ ಮೂರೂವರೆಯಂತೆ 14, ತುದಿಗಳಿಗೆ ಒಂದೂವರೆಯಂತೆ 3. ಪ್ಲೀಟಿನ 25 ಮಡಿಕೆಯೊಳಗೆ ಹೋಗಿ, ಮುಗಿದ ಮೇಲೆ 17 ಇಂಚು ಅಗಲ. ಸುಮಾರು ಎರಡೂವರೆ ಪಟ್ಟು ಬಟ್ಟೆ ಆಯಿತು, ಅಷ್ಟು ಇಲ್ಲದೆ ಮೂರು ಬೆರಳು ಹಾಕಬೇಡಿ. ಬಕ್ರಂ ಬದಿಯ ಮಡಿಕೆಯೊಳಗೆ ಹೋಗಬಾರದು, ಅಲ್ಲಿಗೇ ಕತ್ತರಿಸಿ ಬಿಡಿ. ಹೋದರೆ ಮೂಲೆ ದಪ್ಪವಾಗಿ ಸೂಜಿ ಮುರಿಯುತ್ತದೆ.

ಕಾಟನ್ ಬಟ್ಟೆಯಾದರೆ ಮೊದಲು ನೆನೆಸಿ ಒಣಗಿಸಿ. ಬಟ್ಟೆ ಕುಗ್ಗುತ್ತದೆ, ಪಾಲಿಯೆಸ್ಟರ್ ಕುಗ್ಗುವುದಿಲ್ಲ. ನೆನೆಸದಿದ್ದರೆ ಮೊದಲ ಒಗೆತಕ್ಕೇ ಕರ್ಟನ್ ತಲೆ ಸುಕ್ಕಾಗುತ್ತದೆ. ಗಿರಾಕಿ ಅವಸರ ಮಾಡುತ್ತಾರೆ, ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆಯ ಮುಂಚೆ ಅಂತೂ ಕೇಳಲೇಬೇಡಿ, ಆದರೂ ನೆನೆಸದೆ ನಾನು ಕತ್ತರಿ ಮುಟ್ಟುವುದಿಲ್ಲ.

ಹುಕ್ ವಿಷಯ. ಮಾಮೂಲಿ ಕಬ್ಬಿಣದ ಪಿನ್ ಹುಕ್ ಉಪ್ಪು ಗಾಳಿಗೆ ತುಕ್ಕು ಹಿಡಿದು ಪ್ಲೀಟಿನ ಬೆನ್ನಿಗೆ ಕಂದು ಕಲೆ ಬಿಡುತ್ತದೆ, ಆ ಕಲೆ ಮಾಮೂಲಿ ಒಗೆತಕ್ಕೆ ಹೋಗುವುದಿಲ್ಲ. ಸ್ಟೇನ್‌ಲೆಸ್ ಹಾಕಿ, ಇಲ್ಲವೇ ಪ್ಲಾಸ್ಟಿಕ್. ನಾನು ಈಗ ಪನ್ನಾಕ್ಕೆ ಮೊದಲಿಗಿಂತ ನಲವತ್ತು ರೂಪಾಯಿ ಹೆಚ್ಚು ತಗೊಳ್ಳುತ್ತೇನೆ, ಹುಕ್ ಅದರಲ್ಲೇ ಸೇರಿತು.