ಎಳ್ಳಿಗಾಗಿ ಅಮೆರಿಕದ ಕಾಂಗ್ರೆಸ್ ಕಚೇರಿಗೆ ಹೋಗಿದ್ದು

ನನ್ನ ಮಗನಿಗೆ ಎಳ್ಳು ಆಗಿಬರುವುದಿಲ್ಲ. ಜೊತೆಗೆ ಆಸ್ತಮಾ. ಎರಡೂ ಒಟ್ಟಿಗಿದ್ದರೆ, ಅಲರ್ಜಿ ಏರಿದಾಗ ಉಸಿರು ಕಟ್ಟುವ ಭಯ ಜಾಸ್ತಿ. ಇಲ್ಲಿ ಅಮೆರಿಕದಲ್ಲಿ, ಕನ್ನಡ ಕೂಟದ ಸಂಕ್ರಾಂತಿಯಲ್ಲಿ ಎಳ್ಳು-ಬೆಲ್ಲದಿಂದ ಅವನನ್ನು ದೂರ ಇಡುವುದು ಸುಲಭ, ಕಣ್ಣಿಗೆ ಕಾಣುತ್ತದಲ್ಲ. ಕಷ್ಟ ಇದ್ದದ್ದು ಅಂಗಡಿಯ ಪ್ಯಾಕೆಟ್ಟುಗಳಲ್ಲಿ. 2004ರ ಕಾನೂನಿನ ಪ್ರಕಾರ ಹಾಲು, ಮೊಟ್ಟೆ, ಕಡಲೆಕಾಯಿ, ಗೋಧಿ ಹೀಗೆ ಎಂಟು ಪದಾರ್ಥಗಳ ಹೆಸರನ್ನು ಲೇಬಲ್ಲಿನಲ್ಲಿ ಬಿಡಿಸಿ ಹೇಳಬೇಕಿತ್ತು. ಎಳ್ಳು ಆ ಪಟ್ಟಿಯಲ್ಲಿರಲಿಲ್ಲ. 'ಸ್ಪೈಸಸ್', 'ನ್ಯಾಚುರಲ್ ಫ್ಲೇವರ್ಸ್' ಅಂತ ಬರೆದು ಅದರೊಳಗೆ ಎಳ್ಳನ್ನು ಸೇರಿಸಿಬಿಡಬಹುದಿತ್ತು.

ಎಳ್ಳನ್ನು ಒಂಬತ್ತನೆಯದಾಗಿ ಸೇರಿಸುವ ಫಾಸ್ಟರ್ ಮಸೂದೆ 2019ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ ಬಂತು. ಡೆಮಾಕ್ರಟ್ ಡೋರಿಸ್ ಮತ್ಸುಯಿ, ರಿಪಬ್ಲಿಕನ್ ಪ್ಯಾಟ್ರಿಕ್ ಮೆಕ್‌ಹೆನ್ರಿ ಇಬ್ಬರೂ ಸೇರಿ ತಂದಿದ್ದರಿಂದ, ಅಲ್ಲಿ ನಮ್ಮ ಕ್ಷೇತ್ರದ ಪ್ರತಿನಿಧಿ ಯಾವ ಪಕ್ಷದವರು ಅಂತ ಯೋಚಿಸುವ ಗೋಜಿರಲಿಲ್ಲ. ಅವರ ಕಚೇರಿಗೆ ಹೋಗಿ ಬೆಂಬಲ ಕೇಳೋಣ ಅಂದುಕೊಂಡೆವು.

ನಮ್ಮವರಲ್ಲಿ ಅನೇಕರು "ನಮಗೆ ವೋಟೇ ಇಲ್ಲ, ಯಾರು ಕೇಳ್ತಾರೆ?" ಅಂತಾರೆ. ಆಗ ನಾನೂ ವೀಸಾದಲ್ಲೇ ಇದ್ದೆ. ಪ್ರತಿನಿಧಿಯ ಕಚೇರಿಯವರು ಕೇಳಿದ್ದು ಮನೆಯ ವಿಳಾಸ, ಜಿಪ್ ಕೋಡ್ ಮಾತ್ರ. ಅವರ ಕ್ಷೇತ್ರದಲ್ಲಿ ವಾಸವಾಗಿದ್ದೀರಾ ಅನ್ನೋದು ಅವರಿಗೆ ಮುಖ್ಯ. ಭೇಟಿಗೆ ವಾಷಿಂಗ್ಟನ್‌ಗೇ ಹೋಗಬೇಕೆಂದೂ ಇಲ್ಲ. ಊರಿನಲ್ಲೇ ಅವರ ಕಚೇರಿ ಇರುತ್ತದೆ.

ಆದರೂ ನಾವು ವಾಷಿಂಗ್ಟನ್‌ಗೆ ಹೋದೆವು. ಕಚೇರಿಯಲ್ಲಿ ಸಿಕ್ಕಿದ್ದು ಪ್ರತಿನಿಧಿಯಲ್ಲ, ಆರೋಗ್ಯದ ವಿಷಯ ನೋಡಿಕೊಳ್ಳುವ ಸಹಾಯಕ. ಇನ್ನೂ ಎಳೆಯ ಹುಡುಗ. ನನ್ನ ಯಜಮಾನರಿಗೆ ಸ್ವಲ್ಪ ಬೇಜಾರಾಯಿತು. ನನ್ನ ಪ್ರಕಾರ ಅವನು ಸಿಕ್ಕಿದ್ದೇ ಒಳ್ಳೆಯದಾಯಿತು. ಒಬ್ಬೊಬ್ಬ ಪ್ರತಿನಿಧಿಯ ಕ್ಷೇತ್ರದಲ್ಲಿ ಸರಾಸರಿ ಏಳು ಲಕ್ಷಕ್ಕೂ ಮೀರಿ ಜನ. ಯಾವ ಮಸೂದೆ ಏನು ಅಂತ ಓದಿ ಅವರಿಗೆ ಹೇಳುವವರು ಇಂಥ ಸಹಾಯಕರೇ.

ಅಂಕಿಅಂಶದ ಕಟ್ಟು ಒಯ್ಯಲಿಲ್ಲ. ಒಂದು ಬಿಸ್ಕತ್ತಿನ ಪ್ಯಾಕೆಟ್ ಒಯ್ದಿದ್ದೆ. "ಇದರಲ್ಲಿ ಎಳ್ಳು ಎಲ್ಲಿದೆ, ಹುಡುಕಿ ನೋಡಿ" ಅಂತ ಕೈಗೆ ಕೊಟ್ಟೆ. ಅವನು ಲೇಬಲ್ಲಿನ ಸಣ್ಣ ಅಕ್ಷರ ಓದಿದ, ಪ್ಯಾಕೆಟ್ ತಿರುಗಿಸಿದ, ಮತ್ತೆ ಓದಿದ. "ಇಲ್ಲವಲ್ಲ" ಅಂದ. ಕಂಪನಿಗೆ ಫೋನ್ ಮಾಡಿ ಕೇಳಿದ್ದೆ, 'ಸ್ಪೈಸಸ್' ಅಂದರೆ ಅದರಲ್ಲಿ ಎಳ್ಳೂ ಇದೆ ಅಂತ ಅವರೇ ಒಪ್ಪಿದ್ದರು. ಅದನ್ನು ಹೇಳಿದ ಮೇಲೆ ಅವನು ಪೆನ್ನು ತೆಗೆದ. ಆಮೇಲೆ ನಾವು ಕೇಳಿದ್ದು ಒಂದೇ: ಪ್ರತಿನಿಧಿ ಈ ಮಸೂದೆಗೆ ಸಹಪ್ರಾಯೋಜಕರಾಗಲಿ, ಅಂದರೆ ಬೆಂಬಲಿಸುವವರ ಪಟ್ಟಿಯಲ್ಲಿ ಹೆಸರು ಸೇರಿಸಲಿ. ಇನ್‌ಹೇಲರ್ ಬೆಲೆ, ಅಲರ್ಜಿ ಏರಿದಾಗ ಕೊಡುವ ಎಪಿನೆಫ್ರಿನ್ ಇಂಜೆಕ್ಷನ್ ಶಾಲೆಯಲ್ಲಿರುವುದು, ಎಲ್ಲಾ ಬಾಯಿ ತುದಿಗೆ ಬಂದಿತ್ತು. ನುಂಗಿಕೊಂಡೆ. ಸಿಗುವುದು ಕಾಲು ಗಂಟೆ, ಹತ್ತು ವಿಷಯ ಹೇಳಿದರೆ ಒಂದೂ ನಿಲ್ಲುವುದಿಲ್ಲ. ಮಸೂದೆಯ ಸಂಖ್ಯೆ, ನಮ್ಮ ಹೆಸರು, ವಿಳಾಸ ಇದ್ದ ಒಂದೇ ಪುಟದ ಕಾಗದ ಕೊಟ್ಟು ಬಂದೆವು. ಅವತ್ತೇ ಥ್ಯಾಂಕ್ಸ್ ಇಮೇಲ್ ಹಾಕಿದೆ.

ಮಸೂದೆ ಆ ಕಾಂಗ್ರೆಸ್ ಅವಧಿಯಲ್ಲಿ ದಡ ಸೇರಲಿಲ್ಲ. ಹೊಸದಾಗಿ ಮಂಡಿಸಿ ಎರಡೂ ಸದನ ದಾಟಿ, 2021ರ ಏಪ್ರಿಲ್ 23ರಂದು ಅಧ್ಯಕ್ಷ ಬೈಡನ್ ಸಹಿ ಹಾಕಿದರು. 2023ರ ಜನವರಿ 1ರಿಂದ ಜಾರಿ. ನಮ್ಮಂಥ ಎಷ್ಟೋ ಮನೆಯವರು ಹೀಗೆ ಬಾಗಿಲು ತಟ್ಟಿದ್ದರು.

ಆಮೇಲೆ ಆಗಿದ್ದನ್ನು ಯಾರೂ ಎಣಿಸಿರಲಿಲ್ಲ. ಎಳ್ಳು ಬಳಸುವ ಬೇಕರಿಯಲ್ಲಿ ಅದು ಬೇರೆ ಬ್ರೆಡ್ಡಿಗೆ ತಾಕದ ಹಾಗೆ ಯಂತ್ರಗಳನ್ನು ತೊಳೆಯುವುದು ದುಬಾರಿ ಕೆಲಸ. ಕೆಲವು ತಯಾರಕರು ಸುಮ್ನೆ ಸ್ವಲ್ಪ ಎಳ್ಳಿನ ಹಿಟ್ಟನ್ನೇ ಬ್ರೆಡ್ಡಿಗೆ ಸೇರಿಸಿ ಲೇಬಲ್ಲಿನಲ್ಲಿ 'ಎಳ್ಳಿದೆ' ಅಂತ ಬರೆದುಬಿಟ್ಟರು. ಕಾನೂನು ಪಾಲಿಸಿದ ಹಾಗೂ ಆಯಿತು, ಖರ್ಚೂ ಉಳಿಯಿತು! ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದನ್ನು ಮೆಚ್ಚಲಿಲ್ಲ, ಆದರೆ ಕಾನೂನಿನಲ್ಲಿ ತಡೆಯೂ ಇರಲಿಲ್ಲ. ಮಗ ಧೈರ್ಯವಾಗಿ ತಿನ್ನುತ್ತಿದ್ದ ಬನ್ ಮನೆಗೆ ಬರುವುದು ನಿಂತಿತು.

ಹಾಗಂತ ಕಾನೂನೇ ಬೇಡವಿತ್ತು ಅಂತ ನಾನು ಹೇಳಲಾರೆ. ಈಗ ಕಡೇಪಕ್ಷ ಲೇಬಲ್ ಓದಿದರೆ ಗೊತ್ತಾಗುತ್ತದೆ. ಬನ್ನಿನ ಹಳೆಯ ಲೇಬಲ್, ಹೊಸ ಲೇಬಲ್ ಅಕ್ಕಪಕ್ಕ ಅಂಟಿಸಿಕೊಂಡು ಮತ್ತೆ ಅದೇ ಕಚೇರಿಗೆ ಬರೆದೆ. ಆ ಹುಡುಗ ಅಷ್ಟರಲ್ಲಿ ಕೆಲಸ ಬಿಟ್ಟಿದ್ದ. ಈ ಜಾಗದಲ್ಲಿ ಜನ ಬೇಗ ಬದಲಾಗುತ್ತಾರೆ. ಹೊಸದಾಗಿ ಬಂದ ಹುಡುಗಿಗೆ ಎಳ್ಳಿನ ಅಲರ್ಜಿ ಅಂದರೇನು ಅನ್ನೋದರಿಂದ ಶುರು ಮಾಡಬೇಕಾಯಿತು. ಈ ಸಲ ಕೇಳಿದ್ದೂ ಒಂದೇ: ಬೇಕೆಂದೇ ಎಳ್ಳು ಸೇರಿಸುವುದನ್ನು ತಡೆಯಲು ಏನು ಮಾಡುತ್ತೀರಿ ಅಂತ ನಿಮ್ಮ ಕಚೇರಿಯ ಹೆಸರಿನಲ್ಲಿ ಎಫ್‌ಡಿಎಗೆ ಒಂದು ಪತ್ರ ಬರೆಯಿರಿ.